ಕನ್ನಡ ಬ್ಲಾಗುಗಳನ್ನು ಬಿಡದೆ ಓದಲು ಯಾವ ಫೀಡ್ ರೀಡರ್ ಸೂಕ್ತ?

ಪ್ರಶ್ನೆ, ಗದಗದಿಂದ

ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಕೆಲವು ಸುದ್ದಿತಾಣಗಳನ್ನೂ, ಎರಡು ಮೂರು ತಿಂಗಳಿಗೊಮ್ಮೆ ಮಾತ್ರ ಬರೆಯುವ ಹಲವು ಕನ್ನಡ ಬ್ಲಾಗುಗಳನ್ನೂ ಒಂದೇ ಕಡೆ ಓದಬೇಕೆಂಬ ಆಸೆಯಿದೆ. ಮುಂಡರಗಿಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ನೆಟ್‌ವರ್ಕ್ ಬಂದು ಬಂದು ಹೋಗುವುದರಿಂದ, ನೆಟ್ ಇಲ್ಲದಾಗಲೂ ಓದುವಂತಿರಬೇಕು. ನನ್ನದು ಆಂಡ್ರಾಯ್ಡ್ ಫೋನ್. ಯಾವ ಆ್ಯಪ್ ಆರಿಸಿಕೊಳ್ಳಲಿ?

ಉತ್ತರ, ಧಾರವಾಡದಿಂದ

ಮೇಡಂ, ತಾಣಗಳು ತಮ್ಮ ಹೊಸ ಬರಹಗಳನ್ನು ಆ್ಯಪುಗಳು ಓದುವಂತೆ ಪಟ್ಟಿ ಮಾಡಿಡುವ ಕಡತವೇ ಫೀಡ್, ಅದನ್ನು ತಂದು ತೋರಿಸುವ ಆ್ಯಪೇ ಫೀಡ್ ರೀಡರ್. ಆ ಫೀಡನ್ನು ತರುವ ಕೆಲಸ ನಿಮ್ಮ ಫೋನಿನದೋ ಬೇರೊಂದು ಸರ್ವರಿನದೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ, ಆ್ಯಪಿನ ಹೆಸರು ಆಮೇಲೆ. ಫೀಡಿನಲ್ಲಿ ತಾಣದ ಎಲ್ಲ ಬರಹಗಳೂ ಇರುವುದಿಲ್ಲ. ಇತ್ತೀಚಿನ ಕೆಲವು ಮಾತ್ರ ಇರುತ್ತವೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ತಾಣಗಳಲ್ಲಿ, ತಾಣದವರು ಬದಲಾಯಿಸದಿದ್ದರೆ, ಆ ಸಂಖ್ಯೆ 10. ಅಪರೂಪಕ್ಕೆ ಬರೆಯುವ ಬ್ಲಾಗಿನ ಬರಹ ತಿಂಗಳುಗಟ್ಟಲೆ ಫೀಡಿನಲ್ಲೇ ಉಳಿಯುವುದರಿಂದ ಫೋನು ಯಾವಾಗ ತಂದರೂ ಸಿಗುತ್ತದೆ. ಆದರೆ ಗಂಟೆಗೆ ಹತ್ತಾರು ಸುದ್ದಿ ಹಾಕುವ ತಾಣದಲ್ಲಿ, ರಾತ್ರಿ ಫೋನು ಆಫ್ ಆಗಿದ್ದ ಹೊತ್ತಿನ ಸುದ್ದಿಗಳು ಬೆಳಗಾಗುವುದರೊಳಗೆ ಫೀಡಿನಿಂದಲೇ ಇಳಿದು ಹೋಗಿರುತ್ತವೆ. ಫೀಡ್ಲಿ, ಇನೊರೀಡರ್ ಎಂಬ ಫೀಡ್ ರೀಡರ್‌ಗಳು ತಮ್ಮ ಸರ್ವರಿನಲ್ಲಿ ಅವನ್ನು ತಂದಿಟ್ಟುಕೊಳ್ಳುತ್ತವೆ. ಅದಕ್ಕೆ ಖಾತೆ ಬೇಕು, ಉಚಿತ ಬಳಕೆಗೆ ಮಿತಿಯೂ ಇದೆ.

ನಿಮಗೆ ಬ್ಲಾಗುಗಳೇ ಮುಖ್ಯವೆಂದು ತೋರುವುದರಿಂದ ಫೋನಿನಲ್ಲೇ ಫೀಡು ತರುವ ‘ಫೀಡರ್’ ಎಂಬ ಆ್ಯಪ್ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಮುಕ್ತ ತಂತ್ರಾಂಶ, ಮುಕ್ತ ತಂತ್ರಾಂಶದ ಆ್ಯಪುಗಳ ಸಂಗ್ರಹವಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ, ಖಾತೆ ಬೇಡ. ಕೆಲವು ಫೀಡುಗಳಲ್ಲಿ ಬರಹದ ಮೊದಲ ಸಾಲುಗಳಷ್ಟೇ ಇರುತ್ತವೆ. ಅಂಥವಕ್ಕೆ ಪೂರ್ಣ ಬರಹ ತರುವ ಆಯ್ಕೆಯನ್ನು ಒತ್ತಿ, ಮನೆಯ ವೈಫೈ ಇರುವಾಗಲೇ ಇಳಿಸಿಕೊಂಡರೆ ದಾರಿಯಲ್ಲಿ ನಿಶ್ಚಿಂತೆಯಿಂದ ಓದಬಹುದು.

ಉತ್ತರ, ಹಾವೇರಿಯಿಂದ

ಮೇಲಿನವರ ಮಾತು ಸರಿ. ಯಾವುದನ್ನೇ ಆರಿಸಿದರೂ ಅದರಲ್ಲಿ ಓಪಿಎಂಎಲ್ ಕಡತವನ್ನು ಹೊರತೆಗೆಯುವ ಸೌಲಭ್ಯ ಇರಲೇಬೇಕು. ನೀವು ಸೇರಿಸಿದ ಫೀಡುಗಳ ಪಟ್ಟಿಯೆಲ್ಲ ಆ ಒಂದು ಕಡತದಲ್ಲಿ ಬರುತ್ತದೆ, ಬೇರೆ ರೀಡರ್‌ಗೆ ಹಾಗೆಯೇ ಹಾಕಬಹುದು. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ ಓದುಗರು ಬೇರೆಡೆಗೆ ಹೋಗಲು ನೆರವಾದದ್ದು ಇಂಥ ಕಡತವೇ.

ಮರುಪ್ರಶ್ನೆ, ಗದಗದಿಂದ

ಇಬ್ಬರಿಗೂ ಧನ್ಯವಾದಗಳು. ‘ಫೀಡರ್’ ಹಾಕಿಕೊಂಡೆ. ಆದರೆ ಹಲವು ಬ್ಲಾಗುಗಳಲ್ಲಿ ಫೀಡಿನ ಗುರುತೇ ಕಾಣುವುದಿಲ್ಲ. ಅವನ್ನು ಸೇರಿಸುವುದು ಹೇಗೆ?

ಉತ್ತರ, ಹುಬ್ಬಳ್ಳಿಯಿಂದ

ಗುರುತು ಕಾಣದಿದ್ದರೂ ಫೀಡ್ ಇದ್ದೇ ಇರುವ ಸಂಭವ ಹೆಚ್ಚು, ಮೇಡಂ. ಬ್ಲಾಗಿನ ಮುಖಪುಟದ ವಿಳಾಸವನ್ನೇ ಆ್ಯಪಿನಲ್ಲಿ ಅಂಟಿಸಿ ನೋಡಿ. ಪುಟದೊಳಗೆ ಬರೆದಿಟ್ಟ ಫೀಡ್ ವಿಳಾಸವನ್ನು ಸಾಮಾನ್ಯವಾಗಿ ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ತಾಣವಾದಲ್ಲಿ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ.