ಕಾರ್ನಿವಲ್ ಗ್ಲಾಸ್ ಬೌಲ್‌ಗೆ 350 ಡಾಲರ್ ಕೇಳ್ತಿದಾರೆ, ತಗೋಬಹುದಾ?

ಓಹಾಯೋ_ಕನ್ನಡತಿ
ಎಲ್ರಿಗೂ ನಮಸ್ಕಾರ. ಹಳೇ ಗಾಜಿನ ಸಾಮಾನಿನ ಬಗ್ಗೆ ಗೊತ್ತಿರೋರು ಇದ್ರೆ ಸ್ವಲ್ಪ ಹೇಳಿ. ಇಲ್ಲೇ ಕೊಲಂಬಸ್ ಹತ್ರ ಒಂದು ಆಂಟಿಕ್ ಅಂಗಡಿಲಿ ಬೌಲ್ ನೋಡಿದೆ, ನೇರಳೆ ಬಣ್ಣ, ಒಳಗಡೆ ದ್ರಾಕ್ಷಿ ಗೊಂಚಲು ಎಲೆ ಎಲ್ಲ ಉಬ್ಬಾಗಿದೆ, ಹೊರಗಡೆ ಬುಟ್ಟಿ ಹೆಣೆದಂಗೆ ಡಿಸೈನು, ಅಂಚು ನಿರಿಗೆ ನಿರಿಗೆ, ಕೈಲಿ ಹಿಡಿದು ತಿರುಗಿಸಿದ್ರೆ ನವಿಲುಗರಿ ಥರ ಹಸಿರು ನೀಲಿ ಚಿನ್ನದ ಬಣ್ಣ ಹೊಡಿಯುತ್ತೆ. ಅಗಲ ಸುಮಾರು 8 ಇಂಚು. ಚೀಟಿಲಿ "ನಾರ್ತ್‌ವುಡ್, 1910" ಅಂತ ಕಂಪನಿ ಹೆಸರು, ವರ್ಷ ಬರೆದು 350 ಡಾಲರ್ ಹಾಕಿದಾರೆ. ಈಬೇಲಿ ನೋಡಿದ್ರೆ ಇಂಥದ್ದೇ 30ಕ್ಕೂ ಇದೆ 900ಕ್ಕೂ ಇದೆ, ತಲೆ ಕೆಟ್ಟೋಯ್ತು. ನಮ್ಮೆಜಮಾನ್ರಂತೂ ಕಾರ್ನಿವಲ್ ಅಂದ್ರೆ ಜಾತ್ರೆ, ಜಾತ್ರೆ ಸಾಮಾನಿಗೆ ಇಷ್ಟು ದುಡ್ಡಾ ಅಂತಿದಾರೆ.

ಗಾಜುಗಿರಾಕಿ
ನಿಮ್ಮೆಜಮಾನ್ರು ಹೇಳಿದ್ರಲ್ಲಿ ತಪ್ಪೇನಿಲ್ಲ ಮೇಡಂ, ಜಾತ್ರೆಲಿ ಬಹುಮಾನ ಅಂತ ಕೊಡ್ತಿದ್ದ ಮಾಲೇ ಇದು. ಅಮೇರಿಕಾದ ಟಿಫಾನಿ ಕಂಪನಿಯವರ ಮಿಂಚೋ ಗಾಜು ದುಡ್ಡಿದ್ದೋರಿಗೆ ಮಾತ್ರ ಇತ್ತು, 1907ರಲ್ಲಿ ಅಲ್ಲಿನದ್ದೇ ಇನ್ನೊಂದು ಗಾಜಿನ ಕಂಪನಿ ಫೆಂಟನ್‌ನವರು ಗಾಜನ್ನ ಅಚ್ಚಲ್ಲಿ ಒತ್ತಿ, ಬಿಸಿ ಆರೋಕ್ ಮುಂಚೆನೇ ಲೋಹದ ಲವಣ ಸ್ಪ್ರೇ ಮಾಡಿ ಅದೇ ಥರದ ಮಿಂಚನ್ನ ಚಿಲ್ಲರೆ ಕಾಸಿಗೆ ಮಾರಿದ್ರು, ನಾರ್ತ್‌ವುಡ್ ಇಂಪೀರಿಯಲ್ ಥರದ ಬೇರೆ ಕಂಪನಿಯವರೆಲ್ರೂ ಹಿಂದೆನೇ ಬಂದ್ರು.

ನೀವು ಹೇಳೋ ದ್ರಾಕ್ಷಿ ಮತ್ತೆ ಬುಟ್ಟಿ ಹೆಣಿಗೆ ನೋಡಿದ್ರೆ ನಾರ್ತ್‌ವುಡ್‌ನ "ಗ್ರೇಪ್ ಅಂಡ್ ಕೇಬಲ್" ಅನ್ನೋ ಡಿಸೈನು ಇರ್ಬೇಕು. ಆದ್ರೆ ಚೀಟಿ ನಂಬ್ಬೇಡಿ. ಒಳಗಡೆ ತಳದ ಮಧ್ಯದಲ್ಲಿ ಬೆರಳಾಡಿಸಿ, ಒಂದು ವೃತ್ತ, ಅದರೊಳಗೆ ಎನ್ ಅಕ್ಷರ, ಅದರ ಕೆಳಗೊಂದು ಗೆರೆ ಇರ್ಬೇಕು. ಆ ಎನ್‌ಗೆ ಪಕ್ಕದಲ್ಲಿ ಇನ್ನೊಂದು ಓರೆ ಗೆರೆ ಸೇರಿ ಡಬ್ಲ್ಯೂ ಥರ ಕಂಡ್ರೆ ಅದು ಎಲ್.ಜಿ. ರೈಟ್ ಅನ್ನೋ ಕಂಪನಿಯವರು ಆಮೇಲೆ ಮಾಡಿಸಿದ್ದು, ಬೇಕಂತಲೇ ಹಂಗೆ ಹಾಕಿದ್ರೇನೋ ಅನ್ಸುತ್ತೆ ನಂಗೆ. ಐ ಮತ್ತೆ ಜಿ ಒಂದರ ಮೇಲೊಂದು ಇದ್ರೆ ಇಂಪೀರಿಯಲ್‌ನವರು 1960ರ ದಶಕದಲ್ಲಿ ಹಳೇ ಅಚ್ಚಲ್ಲಿ ಮತ್ತೆ ಒತ್ತಿದ್ದು. ಮೊಟ್ಟೆಯಾಕಾರದೊಳಗೆ ಫೆಂಟನ್ ಅಂತ ಇದ್ರೆ 1970ರ ಈಚಿನದು.

ಮೈಸೂರ್_ಮಾಮ
ಗುರುತೇ ಇಲ್ಲ ಅಂದ್ರೆ ನಕಲಿ ಅಂತಲ್ಲ ಅನ್ನೋದೂ ಹೇಳ್ಬೇಕಲ್ವಾ. ಹಳೇ ಫೆಂಟನ್, ಮಿಲ್ಲರ್ಸ್‌ಬರ್ಗ್ ಮಾಲಿಗೆ ಗುರುತು ಹಾಕ್ತಾನೇ ಇರ್ಲಿಲ್ಲ.

ಓಹಾಯೋ_ಕನ್ನಡತಿ
ತುಂಬಾ ಥ್ಯಾಂಕ್ಸ್ ಸರ್. ಇವತ್ತು ಮತ್ತೆ ಹೋಗಿ ಮೊಬೈಲ್ ಟಾರ್ಚ್ ಹಾಕಿ ನೋಡ್ದೆ, ಎನ್ ಅಷ್ಟೇ, ಕೆಳಗೆ ಗೆರೆ, ಬೇರೆ ಗೆರೆ ಏನಿಲ್ಲ. ಹಂಗಾದ್ರೆ 350 ಸರಿನಾ? ಅಂಚಲ್ಲಿ ಒಂದ್ಕಡೆ ಅಕ್ಕಿ ಕಾಳಿನಷ್ಟು ಚಕ್ಕೆ ಎದ್ದಿದೆ, ಅಂಗಡಿಯವ್ರು ಅದು ಮಾಡೋವಾಗ್ಲೇ ಆಗಿರೋದು ಅಂದ್ರು.

ಗಾಜುಗಿರಾಕಿ
ಒಳ್ಳೇದು, ಮಾಲು ಹಳೇದೇ. ಆದ್ರೆ ಹಳೇದು ಅಂದ ತಕ್ಷಣ ರೇಟು ಬರಲ್ಲ. ಈ ಡಿಸೈನನ್ನ ಲೆಕ್ಕವಿಲ್ಲದಷ್ಟು ಒತ್ತಿದಾರೆ, ನೇರಳೆನೂ ಸುಲಭವಾಗಿ ಸಿಗೋ ಬಣ್ಣನೇ. ರೇಟು ನಿಂತಿರೋದು ಬಣ್ಣದ ಮೇಲೆ, ಮೇಲಿನ ಮಿಂಚಿನ ಬಣ್ಣ ಅಲ್ಲ, ಗಾಜಿನದ್ದೇ ಬಣ್ಣ, ಅದಕ್ಕೆ ಬೌಲನ್ನ ಬೆಳಕಿಗೆ ಹಿಡಿದು ಮಿಂಚು ತಾಗದ ಅಡಿಭಾಗದಿಂದ ನೋಡ್ಬೇಕು. ಬಣ್ಣವಿಲ್ಲದ ಗಾಜಿನ ಮೇಲೆ ಕಿತ್ತಳೆ ಮಿಂಚಿದ್ರೆ ಮ್ಯಾರಿಗೋಲ್ಡ್, ಅದೇ ಎಲ್ಲಕ್ಕಿಂತ ಸಾಮಾನ್ಯ. ಕೆಂಪು, ಐಸ್ ಬ್ಲೂ ಅನ್ನೋ ತಿಳಿ ನೀಲಿ, ಆಕ್ವಾ ಓಪಲ್ ಅನ್ನೋ ಹಾಲುಬಿಳುಪಿನ ಅಂಚಿರೋ ಹಸಿರು ನೀಲಿ ಇವಕ್ಕೆಲ್ಲ ಜನ ಮುಗಿಬೀಳ್ತಾರೆ.

ಈಬೇಲಿ ಕೇಳೋ ರೇಟು ಬಿಡಿ, ಅದನ್ನ ಯಾರು ಎಷ್ಟು ಬೇಕಾದ್ರೂ ಹಾಕ್ಬೋದು, ಸೋಲ್ಡ್ ಅಂತ ಫಿಲ್ಟರ್ ಇದೆಯಲ್ಲ ಅದನ್ನ ಒತ್ತಿ ನಿಜವಾಗ್ಲೂ ಮಾರಾಟ ಆಗಿದ್ದನ್ನ ಮಾತ್ರ ನೋಡಿ. ನನ್ನ ಪ್ರಕಾರ ಈ ಸೈಜಿನ ಸಾದಾ ನೇರಳೆ ಬೌಲಿಗೆ ಚಕ್ಕೆ ಇಲ್ಲದಿದ್ರೂ 100 ದಾಟಿ ಕೊಡೋದು ಜಾಸ್ತಿ ಆಯ್ತು. ಇನ್ನು ಆ ಚಕ್ಕೆ, ಉಗುರಿಂದ ಗೀರಿ ನೋಡಿ, ಚೂಪಾಗಿದ್ದು ಒಳಗಡೆ ಮಿಂಚಿಲ್ದೆ ಬರೀ ನೇರಳೆ ಗಾಜು ಕಂಡ್ರೆ ಆಮೇಲೆ ಒಡೆದಿದ್ದು. ಮಾಡೋವಾಗ್ಲೇ ಆಗಿದ್ರೆ ಅಲ್ಲೂ ಮಿಂಚು ಕೂತಿರುತ್ತೆ, ಸ್ಪ್ರೇ ಮಾಡೋದೇ ಕೊನೆಗೆ ತಾನೇ. ತಗೊಂಡ್ರೆ ಡಿಶ್‌ವಾಶರ್‌ಗೆ ಮಾತ್ರ ಹಾಕ್ಬೇಡಿ.

ಧಾರವಾಡ_ಫೇಡೆ
ನಡುವ ಬಂದೆ ಅಂತ ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮ ಅಜ್ಜಿ ಮನ್ಯಾಗ ಇಂಥಾವ ಕಿತ್ತಳಿ ಬಣ್ಣದ ಉದ್ದನ ಲೋಟ ಅದಾವ್ರಿ, ಜೋಡಿಗೆ ಒಂದು ಹೂದಾನಿ, ಕೈಯಾಗ ಹೂದಾನಿ ಹಿಡದಂಗ ಬೆರಳು ಸೈತ ಕಾಣ್ತಾವ. ಅವೂ ಅಮೇರಿಕಾದ್ವೇನ್ರಿ?

ಗಾಜುಗಿರಾಕಿ
ಅಲ್ಲ ರೀ, ಅವು ನಮ್ಮ ದೇಶದ್ದೇ! ಫಿರೋಜಾಬಾದ್‌ನ ಜೈನ್ ಗ್ಲಾಸ್ ವರ್ಕ್ಸ್ ಮಾಲು ಇರ್ಬೇಕು, ಕೈ ಹೂದಾನಿ, ಮೀನಿನ ಹೂದಾನಿ ಎಲ್ಲ ಅವ್ರು ಮಾಡ್ತಿದ್ರು. ಲೋಟದ ತಳ ನೋಡ್ರಿ, ಇಂಗ್ಲಿಷಲ್ಲಿ ಜೈನ್ ಅಂತ ಉಬ್ಬಕ್ಷರ ಇರ್ಬೋದು. ವಿದೇಶದಲ್ಲಿ ಇವನ್ನೇ ಹುಡುಕೋ ಕಲೆಕ್ಟರ್‌ಗಳಿದಾರೆ. ಯಾವ ಕೈ ಅಂತಲೂ ನೋಡ್ರಿ, ಎಡಗೈದೂ ಇದೆ ಬಲಗೈದೂ ಇದೆ. ಫೋಟೋ ಹಾಕ್ರಿ ಮೊದ್ಲು.

ಓಹಾಯೋ_ಕನ್ನಡತಿ
ಚಕ್ಕೆಲಿ ಮಿಂಚಿಲ್ಲ ಸರ್, ಬರೀ ನೇರಳೆ. 70 ಕೊಡ್ತೀನಿ ಅಂದೆ, ಅವ್ರು 200ಕ್ಕೆ ಇಳಿದು ಅಲ್ಲೇ ನಿಂತಿದಾರೆ. ಬಿಟ್ಟು ಬಂದಿದೀನಿ. ಧಾರವಾಡದವ್ರೇ, ನಿಮ್ಮಜ್ಜಿ ಹೂದಾನಿ ಫೋಟೋ ನಂಗೂ ನೋಡ್ಬೇಕು.