407 ಕ್ಯಾರವಾನ್: ಬೆಳಗಾಗುವಷ್ಟರಲ್ಲಿ ಎಡಗಡೆ ಏರ್ ಬ್ಯಾಗ್ ಕುಸಿಯುತ್ತದೆ, ಹೊಸ ಬ್ಯಾಗ್ ಹಾಕಿಸಲೇಬೇಕಾ?

ಮುದಿಗಾಡಿ_407

ಎಲ್ಲರಿಗೂ ನಮಸ್ಕಾರ. ನನ್ನದು 1994ರ ಟಾಟಾ 407. ನಮ್ಮ ಮಾವನವರು ಆಸೆಪಟ್ಟು ಕ್ಯಾರವಾನ್ ಬಾಡಿ ಕಟ್ಟಿಸಿದ್ದ ಗಾಡಿ. ಈಗ ನನ್ನ ತಲೆಗೆ ಬಂದಿದೆ. ವಿಂಟೇಜ್ ಅಂತ ಸ್ನೇಹಿತರು ಹೊಗಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಆಗಲು 50 ವರ್ಷ ತುಂಬಬೇಕು, ಹಾಗಾಗಿ ಸದ್ಯಕ್ಕೆ ಇದು ಬರೀ ಮುದಿ ಗಾಡಿ.

ಹಿಂದಿನ ಪ್ಲೇಟುಗಳು (ಭಾರ ಹೊರುವ ಲೀಫ್ ಸ್ಪ್ರಿಂಗ್) ಕುಳಿತಿದ್ದವು. ಹಂಪ್ ಬಂದಾಗಲೆಲ್ಲ ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಹೋಗಿ ಬಂಪ್ ಸ್ಟಾಪರ್ ರಬ್ಬರಿಗೆ ಗುದ್ದುತ್ತಿತ್ತು. ಬೆಂಗಳೂರಿನಲ್ಲಿ ಹಂಪ್ ಎಷ್ಟಿವೆ ಅಂತ ನಿಮಗೆ ಹೇಳಬೇಕಿಲ್ಲ. ನಾಲ್ಕು ತಿಂಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಹಿಂದೆ ಎರಡು ಏರ್ ಬ್ಯಾಗ್, ಅಂದರೆ ಗಾಳಿ ತುಂಬುವ ರಬ್ಬರ್ ಸ್ಪ್ರಿಂಗ್, ಹಾಕಿಸಿದೆ. ಪ್ಲೇಟು ಹಾಗೇ ಇವೆ, ಅವುಗಳ ಜೊತೆಗೆ ಬ್ಯಾಗ್. ಎರಡಕ್ಕೂ 6 ಎಂಎಂ ನೈಲಾನ್ ಪೈಪು, ನಡುವೆ ಒಂದು ಟಿ (ಮೂರು ಬಾಯಿಯ ಜಾಯಿಂಟ್), ಹಿಂದಿನ ಬಂಪರ್ ಹತ್ತಿರ ಗಾಳಿ ತುಂಬಲು ಒಂದೇ ವಾಲ್ವ್.

ಈಗಿನ ತೊಂದರೆ: ರಾತ್ರಿ 60 ಪಿಎಸ್‌ಐ ತುಂಬಿಸಿ ಮಲಗಿದರೆ ಬೆಳಿಗ್ಗೆ 15. ಗಾಡಿ ಎಡಕ್ಕೆ ವಾಲಿರುತ್ತದೆ. ಎಷ್ಟು ಅಂದರೆ, ನನ್ನ ಹೆಂಡತಿ ಒಳಗೆ ದೋಸೆ ಹುಯ್ದರೆ ಹಿಟ್ಟು ಹೆಂಚಿನ ಎಡಬದಿಗೇ ಹರಿಯುತ್ತದೆ. ಇನ್ನೊಂದು ವಿಷಯ, ನಂದಿ ಬೆಟ್ಟದ ತಿರುವುಗಳಲ್ಲಿ ಮೊದಲಿಗಿಂತ ಜಾಸ್ತಿ ತೂಗಾಡುತ್ತಿದೆ. ದುಡ್ಡು ಕೊಟ್ಟು ಇನ್ನೂ ಹಾಳು ಮಾಡಿಕೊಂಡೆನಾ ಅನ್ನಿಸುತ್ತಿದೆ.

ಹಾಕಿದವರನ್ನು ಕೇಳಿದರೆ ಎರಡೂ ಬ್ಯಾಗ್ ಹೋಗಿವೆ, ಜೋಡಿ 14,000 ಅಂತಾರೆ. ವಾಲ್ವ್ ಪಿನ್ ನಾನೇ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಏನು ಮಾಡಲಿ? ಅಥವಾ ಈ ಪ್ಲೇಟುಗಳನ್ನೇ ಕಿತ್ತು ಹಾಕಿ, ಅಮೆರಿಕದ ಹಳೇ ಜಿಎಂಸಿ ಮೋಟಾರ್‌ಹೋಮ್ ಥರ ಪೂರ್ತಿ ಏರ್ ಸಸ್ಪೆನ್ಷನ್ ಮಾಡಿಸಿಬಿಡಲಾ?

ಚಿಕ್ಕಪೇಟೆ_ಚಾಲಕ

ಸರ್, ಇದು ಡಿಸೆಂಬರ್. ರಾತ್ರಿ ಚಳಿಗೆ ಗಾಳಿ ಕುಗ್ಗುತ್ತದೆ. ನನ್ನ ಕಾರಿನ ಟೈರಲ್ಲೂ ಹಾಗೇ ಆಗುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಬೆಳಿಗ್ಗೆ ಬಂಕಿನಲ್ಲಿ ಮತ್ತೆ ತುಂಬಿಸಿ.

ಪೀಣ್ಯ_ಫಿಟ್ಟಿಂಗ್

ಚಳಿಗೆ ಕುಗ್ಗುವುದು ನಿಜ, ಆದರೆ ಎಷ್ಟು ಅಂತ ಲೆಕ್ಕ ಹಾಕಬೇಕಲ್ವಾ? ಸಂಜೆ 30 ಡಿಗ್ರಿ, ಬೆಳಗಿನ ಜಾವ 18 ಡಿಗ್ರಿ ಅಂತ ಹಿಡಿಯಿರಿ. ಒತ್ತಡ ಇಳಿಯುವುದು ನೂರಕ್ಕೆ ನಾಲ್ಕರಷ್ಟು. 60 ಇದ್ದದ್ದು 57 ಆಗಬಹುದು. 15ಕ್ಕೆ ಬಂತು ಅಂದರೆ ಅದು ಚಳಿ ಅಲ್ಲ, ಲೀಕ್.

ನಾನು ಫ್ಯಾಕ್ಟರಿಯಲ್ಲಿ ನ್ಯೂಮ್ಯಾಟಿಕ್ (ಗಾಳಿ ಒತ್ತಡದ ಯಂತ್ರಗಳ) ಮೇಂಟೆನೆನ್ಸ್ ನೋಡುವವಳು. ದಿನಾ ಇದೇ ಕೆಲಸ. ಹತ್ತು ಲೀಕ್ ಇದ್ದರೆ ಒಂಬತ್ತು ಜಾಯಿಂಟಿನಲ್ಲೇ ಇರುತ್ತವೆ. ನಾಲ್ಕು ತಿಂಗಳಿಗೆ ಎರಡೂ ಬ್ಯಾಗ್ ಒಟ್ಟಿಗೆ ಹೋಗುವುದು ನನಗಂತೂ ನಂಬಲು ಕಷ್ಟ. ದುಡ್ಡು ಕೊಡುವ ಮೊದಲು ಸೋಪು ನೀರು ಹಾಕಿ ನೋಡಿ.

ಇನ್ನೊಂದು ಮಾತು. ಗೇಜ್ ಒತ್ತಿದಾಗಲೆಲ್ಲ ಸ್ವಲ್ಪ ಗಾಳಿ ಹೋಗುತ್ತದೆ. ಟೈರಿಗೆ ಅದು ಗೊತ್ತೇ ಆಗುವುದಿಲ್ಲ. ಈ ಬ್ಯಾಗ್ ಚಿಕ್ಕದು, ಒಂದು ಸಲ ಚೆಕ್ ಮಾಡಿದರೆ 2-3 ಪಿಎಸ್‌ಐ ಹೋಗಿಬಿಡಬಹುದು. ಗಂಟೆಗೊಂದು ಸಲ ನೋಡುತ್ತಾ ಕೂತರೆ ನೀವೇ ಅರ್ಧ ಖಾಲಿ ಮಾಡಿರುತ್ತೀರಿ.

ಗ್ರೀಸ್‌ಕೈ

ಮೇಡಂ ಹೇಳಿದ್ದು ಸರಿ. ನಾನು ಇನ್ನೊಂದು ಸೇರಿಸುತ್ತೇನೆ. ನಿಮ್ಮ ಗಾಡಿಗೆ ಇರುವುದು ಎರಡು ರೋಗ, ನೀವು ಒಂದೇ ಅಂದುಕೊಂಡಿದ್ದೀರಿ.

ಆ ಟಿ ಇದೆಯಲ್ಲ, ಅದೇ ಎರಡನೇ ರೋಗ. ಟಿ ಇದ್ದರೆ ಎರಡೂ ಬ್ಯಾಗಿನಲ್ಲಿ ಯಾವಾಗಲೂ ಒಂದೇ ಒತ್ತಡ. ಎಡಗಡೆ ಭಾರ ಜಾಸ್ತಿ ಇದ್ದರೆ ಎಡಗಡೆಯ ಗಾಳಿ ಬಲಕ್ಕೆ ಓಡುತ್ತದೆ. ಎಡ ಕೂರುತ್ತದೆ, ಬಲ ಏಳುತ್ತದೆ. ಒಂದು ಹನಿ ಲೀಕ್ ಇಲ್ಲದಿದ್ದರೂ ಗಾಡಿ ವಾಲಿಯೇ ನಿಲ್ಲುತ್ತದೆ. ತಿರುವಿನಲ್ಲೂ ಇದೇ ಕಥೆ. ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ಬೀಳುತ್ತದೆ. ಎಡ ಬ್ಯಾಗ್ ಗಟ್ಟಿಯಾಗಿ ನಿಲ್ಲಬೇಕಾದ ಹೊತ್ತಿನಲ್ಲಿ ತನ್ನ ಗಾಳಿಯನ್ನು ಬಲಕ್ಕೆ ದಾನ ಮಾಡುತ್ತದೆ. ಬಲಗಡೆ ಅದೇ ಗಾಳಿಯಿಂದ ಇನ್ನಷ್ಟು ಎದ್ದು ಗಾಡಿಯನ್ನು ಎಡಕ್ಕೆ ತಳ್ಳುತ್ತದೆ. ಮೊದಲಿಗಿಂತ ಜಾಸ್ತಿ ತೂಗಾಡದೆ ಇನ್ನೇನಾಗುತ್ತದೆ?

ಮೊದಲು ಟಿ ತೆಗೆದು ಎರಡಕ್ಕೂ ಬೇರೆ ಬೇರೆ ವಾಲ್ವ್ ಹಾಕಿ. ಇದರಿಂದ ಲೀಕ್ ಯಾವ ಕಡೆ ಅಂತಲೂ ಗೊತ್ತಾಗುತ್ತದೆ. ವಾಲ್ವು, ಕನೆಕ್ಟರು ಜೆ.ಸಿ. ರೋಡಿನಲ್ಲಿ ಸಿಗುತ್ತವೆ.

ಕೆಳಗೆ ನುಗ್ಗುವ ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಚಾಸಿಗೆ ಸ್ಟ್ಯಾಂಡ್ ಕೊಡಿ. ಬ್ಯಾಗ್ ಎತ್ತಿ ಹಿಡಿದಿದೆ ಅಂತ ನಂಬಿ ಯಾರೂ ಕೆಳಗೆ ಮಲಗಬೇಡಿ. ಪೈಪು ಕಿತ್ತುಬಂದರೆ ಗಾಡಿ ಒಂದೇ ಸಲಕ್ಕೆ ಕೂರುತ್ತದೆ. ಯಾವ ಜಾಯಿಂಟ್ ಬಿಚ್ಚುವ ಮೊದಲೂ ಗಾಳಿ ಪೂರ್ತಿ ಬಿಡಿ.

ದೂರದಾರಿ

ಜಿಎಂಸಿ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಆ ಗಾಡಿ ಅಂದರೆ ನನಗೆ ಹುಚ್ಚು. ಆದರೆ ಅದನ್ನು ನೋಡಿಕೊಂಡು 407ರ ಪ್ಲೇಟು ಕೀಳಬೇಡಿ, ದಯವಿಟ್ಟು.

ಅದು 1973ರಿಂದ 1978ರವರೆಗೆ ಬಂದ ಗಾಡಿ. ಇಂಜಿನ್ನು, ಗೇರು ಎಲ್ಲಾ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನದು. ಅಂದರೆ ಎಳೆಯುವುದು ಮುಂದಿನ ಚಕ್ರ. ಹಿಂದೆ ಡಿಫರೆನ್ಶಿಯಲ್ ಇಲ್ಲ, ಹೌಸಿಂಗ್ ಇಲ್ಲ, ಶಾಫ್ಟ್ ಇಲ್ಲ. ಹಿಂದೆ ಒಂದೊಂದು ಪಕ್ಕದಲ್ಲಿ ಒಂದರ ಹಿಂದೆ ಒಂದು ಎರಡು ಚಕ್ರ. ಎರಡಕ್ಕೂ ಒಂದೊಂದು ದಪ್ಪ ತೋಳು, ಎರಡು ತೋಳುಗಳ ನಡುವೆ ಅಡ್ಡಡ್ಡ ಮಲಗಿದ ಒಂದು ಏರ್ ಬ್ಯಾಗ್. ಚಕ್ರವನ್ನು ಜಾಗದಲ್ಲಿ ಹಿಡಿಯುವುದು ತೋಳಿನ ಕೆಲಸ, ಭಾರ ಹೊರುವುದಷ್ಟೇ ಬ್ಯಾಗಿನ ಕೆಲಸ. ಮುಂದೆ ಗಾಳಿಯೇ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್. ಈಗ ಅಲ್ಲಿನವರು ಒಂದೊಂದು ಪಕ್ಕಕ್ಕೆ ಎರಡು ಬ್ಯಾಗ್, ಒಟ್ಟು ನಾಲ್ಕು ಹಾಕಿಸಿ ಅಪ್‌ಗ್ರೇಡ್ ಮಾಡುತ್ತಾರೆ. ತೋಳನ್ನಂತೂ ಯಾರೂ ಕೀಳುವುದಿಲ್ಲ.

ನಮ್ಮ 407ರಲ್ಲಿ ಆ ತೋಳು ಯಾವುದು ಗೊತ್ತಾ? ಪ್ಲೇಟೇ. ಭಾರ ಹೊರುವುದೂ ಅದೇ, ಹೌಸಿಂಗನ್ನು ಹಿಂದೆ ಮುಂದೆ, ಎಡ ಬಲ ಅಲ್ಲಾಡದ ಹಾಗೆ ಹಿಡಿದಿರುವುದೂ ಅದೇ. ಬ್ರೇಕ್ ಹಾಕಿದಾಗ ಹೌಸಿಂಗ್ ತಿರುಚಿಕೊಳ್ಳದ ಹಾಗೆ ತಡೆಯುವುದೂ ಅದೇ. ಪ್ಲೇಟು ತೆಗೆದು ಬರೀ ಬ್ಯಾಗ್ ಇಟ್ಟರೆ ಮೊದಲ ಬ್ರೇಕಿಗೇ ಹೌಸಿಂಗ್ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ನಮ್ಮ ವೋಲ್ವೋ ಬಸ್ಸುಗಳ ಹಿಂದೆ ಬಗ್ಗಿ ನೋಡಿ, ಬ್ಯಾಗಿನ ಜೊತೆಗೆ ಉದ್ದದ ರಾಡುಗಳಿರುತ್ತವೆ. ಅವು ಇರುವುದು ಇದಕ್ಕೇ. ಆ ರಾಡುಗಳನ್ನು 30 ವರ್ಷದ ಚಾಸಿಗೆ ಯಾರೋ ವೆಲ್ಡ್ ಮಾಡಿಕೊಟ್ಟರು ಅಂತ ನಾನಾದರೆ ಮನೆಯವರನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ.

ಮುದಿಗಾಡಿ_407

ಎಲ್ಲರಿಗೂ ಥ್ಯಾಂಕ್ಸ್. ಜಿಎಂಸಿ ಕನಸು ಇವತ್ತಿಗೆ ಬಿಟ್ಟೆ.

ಭಾನುವಾರ ಪೂರ್ತಿ ಗಾಡಿ ಕೆಳಗೇ ಇದ್ದೆ. ಟಿ ತೆಗೆದೆ, ಎರಡು ವಾಲ್ವ್ ಹಾಕಿದೆ. ಎರಡಕ್ಕೂ 60 ತುಂಬಿಸಿ ಮಧ್ಯೆ ಗೇಜ್ ಮುಟ್ಟದೆ 12 ಗಂಟೆ ಬಿಟ್ಟೆ. ಬಲ 56. ಎಡ 20. ಅಂದರೆ ಬಲಗಡೆ ಬ್ಯಾಗ್ ಚೆನ್ನಾಗಿದೆ, ಅಲ್ವಾ? ಎರಡೂ ಹೋಗಿವೆ ಅಂದವರಿಗೆ ಏನು ಹೇಳಲಿ.

ಆದರೆ ಎಡಗಡೆ ಎಲ್ಲಾ ಜಾಯಿಂಟಿಗೂ ಸೋಪು ನೀರು ಹಾಕಿದೆ, ಒಂದು ಗುಳ್ಳೆ ಬರಲಿಲ್ಲ. ಹಾಗಾದರೆ ಆ ಬ್ಯಾಗೇ ಹೋಗಿದೆಯಾ?

ಪೀಣ್ಯ_ಫಿಟ್ಟಿಂಗ್

ಆತುರ ಬೇಡ. ಗುಳ್ಳೆ ಬರಲಿಲ್ಲ ಅಂದರೆ ನಿಮಗೆ ಕಾಣಲಿಲ್ಲ ಅಂತಲೂ ಆಗಬಹುದು. ನೀವು ಕೆಳಗಿನಿಂದ ನೋಡಿದ್ದೀರಿ. ಕನೆಕ್ಟರ್ ಇರುವುದು ಬ್ಯಾಗಿನ ತಲೆಯ ಮೇಲೆ, ಚಾಸಿ ಕಡೆಗೆ ಮುಖ ಮಾಡಿ. ಮನೆಯಲ್ಲಿ ಶೇವಿಂಗ್ ಕನ್ನಡಿ ಇದ್ದರೆ ತೆಗೆದುಕೊಂಡು ಹೋಗಿ, ಜೊತೆಗೆ ಟಾರ್ಚು. ಸೋಪು ನೀರು ಹಾಕಿ ಎರಡು ನಿಮಿಷ ಕಾಯಿರಿ. ಸಣ್ಣ ಲೀಕಿಗೆ ದೊಡ್ಡ ಗುಳ್ಳೆ ಬರುವುದಿಲ್ಲ, ಹಾಲಿನ ನೊರೆ ಹಾಗೆ ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ.

ಅದೂ ಕಾಣದಿದ್ದರೆ ಹಳೇ ಪೈಪು ಪೂರ್ತಿ ಬಿಟ್ಟು, ಬ್ಯಾಗಿಗೆ ನೇರವಾಗಿ ಮೂರು ಅಡಿಯ ಹೊಸ ಪೈಪು, ಹೊಸ ಕನೆಕ್ಟರು, ಹೊಸ ವಾಲ್ವು ಹಾಕಿ ರಾತ್ರಿ ಬಿಡಿ. ಗಾಳಿ ನಿಂತರೆ ಬ್ಯಾಗ್ ನಿರಪರಾಧಿ. ಬ್ಯಾಗನ್ನು ಬಿಚ್ಚಿ ಹೊರಗೆ ತಂದು 60 ತುಂಬಿಸಿ ಬಕೆಟ್‌ನಲ್ಲಿ ಮುಳುಗಿಸುವ ಸಾಹಸ ಮಾತ್ರ ಬೇಡ. ಮೇಲೂ ಕೆಳಗೂ ತಡೆ ಇಲ್ಲದ ಬ್ಯಾಗ್ ಸಿಡಿಯಬಹುದು.

ಗ್ರೀಸ್‌ಕೈ

ಗಾಡಿ ಕೆಳಗೆ ಇದ್ದೀರಲ್ಲ, ಹಾಗೇ ಶಾಕ್ ಅಬ್ಸಾರ್ಬರ್ ನೋಡಿ. ಎಣ್ಣೆ ಸೋರಿದೆಯಾ? ಬ್ಯಾಗ್ ಅಂದರೆ ಸ್ಪ್ರಿಂಗ್ ಅಷ್ಟೇ, ಕುಣಿತ ನಿಲ್ಲಿಸುವುದು ಶಾಕ್. ಅದು ಸತ್ತಿದ್ದರೆ ನೀವು ಎಷ್ಟೇ ಗಾಳಿ ತುಂಬಿದರೂ ಗಾಡಿ ತೊಟ್ಟಿಲು.

ಮತ್ತೆ ಒಂದು ಸಲ ವೇಬ್ರಿಡ್ಜ್‌ಗೆ ಹೋಗಿ. ಇಡೀ ಗಾಡಿ ಬೇಡ, ಹಿಂದಿನ ಎಡ ಚಕ್ರ ಒಂದು ಸಲ, ಬಲ ಚಕ್ರ ಒಂದು ಸಲ. ಪಕ್ಕದ ನೆಲ ಸಮ ಇರುವ ಕಡೆ ಮಾಡಿಸಿ.

ಮುದಿಗಾಡಿ_407

ಸಿಕ್ಕಿತು! ಕನ್ನಡಿಯಲ್ಲಿ ಕಂಡಿತು. ಎಡ ಬ್ಯಾಗಿನ ಮೇಲಿನ ಕನೆಕ್ಟರಿನ ಹಿಂಭಾಗದಲ್ಲಿ ನೊರೆ, ಮೇಡಂ ಹೇಳಿದ ಹಾಗೇ ಹಾಲಿನ ನೊರೆ.

ಗಾಳಿ ಬಿಟ್ಟು ಪೈಪು ಎಳೆದು ನೋಡಿದರೆ ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ್ದಾರೆ. ಓರೆಯಾಗಿದೆ, ಜೊತೆಗೆ ಚಪ್ಪಟೆ. ಒಳಗಿನ ಓ ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ದುಂಡಗೆ, ಪೈಪು ಮೊಟ್ಟೆ ಆಕಾರ. ಹೇಗೆ ತಾನೆ ಕೂರುತ್ತದೆ? ಸಾಲದ್ದಕ್ಕೆ ಕನೆಕ್ಟರಿನಿಂದ ಹೊರಬಂದ ಕೂಡಲೇ ಪೈಪನ್ನು ಗಕ್ಕನೆ ಬಗ್ಗಿಸಿ ಕಟ್ಟಿದ್ದಾರೆ, ಅದು ಯಾವಾಗಲೂ ಒಂದು ಕಡೆಗೆ ಎಳೆಯುತ್ತಿತ್ತು. ಇನ್ನೊಂದು ಕಡೆ ಸೈಲೆನ್ಸರ್ ಪೈಪಿಗೂ ಇದಕ್ಕೂ ಎರಡು ಬೆರಳು ಜಾಗ. ಬಾಡಿ ಕಟ್ಟುವಾಗ ಸೈಲೆನ್ಸರನ್ನು ಆ ಕಡೆ ತಿರುಗಿಸಿದ್ದರು. ಅಲ್ಲಿ ನೈಲಾನ್ ಮೆತ್ತಗಾಗಿ ಹೊಳೆಯುತ್ತಿತ್ತು. ಈ ಲೀಕ್ ಆಗದಿದ್ದರೆ ಇನ್ನು ಸ್ವಲ್ಪ ದಿನಕ್ಕೆ ಅಲ್ಲೇ ಒಡೆಯುತ್ತಿತ್ತೇನೋ.

ವೇಬ್ರಿಡ್ಜ್ ಲೆಕ್ಕ: ಹಿಂದಿನ ಎಡ 1,610 ಕೆಜಿ, ಬಲ 1,340. ವ್ಯತ್ಯಾಸ 270 ಕೆಜಿ! ನೀರಿನ ಟ್ಯಾಂಕು, ಫ್ರಿಜ್ಜು, ಎರಡು ಇನ್ವರ್ಟರ್ ಬ್ಯಾಟರಿ, ಎಲ್ಲಾ ಎಡಗಡೆ. ಬಲಗಡೆ ಬರೀ ಹಾಸಿಗೆ. ಮಾವನವರಿಗೆ ಈ ಲೆಕ್ಕ ಹೇಳಿದೆ. "ಕಿಟಕಿ ಬಲಗಡೆ ಬೇಕು ಅಂದಿದ್ದು ನಿಮ್ಮ ಅತ್ತೆ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಶಾಕ್ ಎರಡೂ ಸೋರಿದ್ದವು. ಗ್ರೀಸ್‌ಕೈ ಅಣ್ಣ, ಕಾಣದೆಯೇ ಹೇಗೆ ಹೇಳಿದಿರಿ?

ಗ್ರೀಸ್‌ಕೈ

30 ವರ್ಷದ ಗಾಡಿಯಲ್ಲಿ ಶಾಕ್ ಸೋರದಿದ್ದರೆ ಆಶ್ಚರ್ಯ ಪಡಬೇಕು.

ಪೀಣ್ಯ_ಫಿಟ್ಟಿಂಗ್

ಸಂತೋಷ. ಈಗ ಮತ್ತೆ ಹಾಕುವಾಗ ಪೈಪು ಕತ್ತರಿಸಲು ಪೈಪ್ ಕಟರ್ ತೆಗೆದುಕೊಳ್ಳಿ, ಅದಿಲ್ಲದಿದ್ದರೆ ಹೊಸ ಬ್ಲೇಡಿನಲ್ಲಿ ನೇರವಾಗಿ ಒಂದೇ ಏಟಿಗೆ ಕತ್ತರಿಸಿ. ಕನೆಕ್ಟರಿಗೆ ತಳ್ಳುವಾಗ ಮೊದಲು ಒಂದು ಸಣ್ಣ ತಡೆ ಸಿಗುತ್ತದೆ, ಅದು ಓ ರಿಂಗ್. ಅಲ್ಲಿಗೆ ನಿಲ್ಲಿಸಬೇಡಿ, ತಳ ಮುಟ್ಟುವವರೆಗೆ ತಳ್ಳಿ. ಆಮೇಲೆ ಒಮ್ಮೆ ಎಳೆದು ನೋಡಿ. ಹೊರಬಂದ ಮೇಲೆ ಒಂದೆರಡು ಇಂಚು ಪೈಪು ನೇರ ಇರಲಿ. ಸೈಲೆನ್ಸರಿನಿಂದ ಕನಿಷ್ಠ ಒಂದು ಗೇಣು ದೂರ ಒಯ್ಯಿರಿ, ಚಾಸಿಯ ಅಂಚು ಉಜ್ಜುವ ಕಡೆ ಪೈಪಿಗೆ ರಬ್ಬರ್ ಹೊದಿಕೆ ಹಾಕಿ.

ಒತ್ತಡದ ಬಗ್ಗೆ ಒಂದು ಅಂದಾಜು ಬೇಕಾದರೆ: ಬ್ಯಾಗಿನ ಒತ್ತುವ ವ್ಯಾಸ 5 ಇಂಚು ಇದ್ದರೆ ವಿಸ್ತೀರ್ಣ ಸುಮಾರು 20 ಚದರ ಇಂಚು. 50 ಪಿಎಸ್‌ಐ ಅಂದರೆ 1,000 ಪೌಂಡ್, ಅಂದರೆ ಸುಮಾರು 450 ಕೆಜಿ ಅದು ಹೊರುತ್ತದೆ. ಉಳಿದದ್ದು ಪ್ಲೇಟಿನ ಪಾಲು. ಬ್ಯಾಗ್ ಜೊತೆ ಬಂದ ಹಾಳೆಯಲ್ಲಿ ಕನಿಷ್ಠ, ಗರಿಷ್ಠ ಎಷ್ಟು ಅಂತ ಇರುತ್ತದೆ, ಅದನ್ನು ದಾಟಬೇಡಿ. ಪೂರ್ತಿ ಖಾಲಿ ಬಿಟ್ಟು ಓಡಿಸುವುದೂ ತಪ್ಪು, ರಬ್ಬರು ಮಡಚಿಕೊಂಡು ತನ್ನನ್ನೇ ಕಚ್ಚಿಕೊಳ್ಳುತ್ತದೆ.

ಚಿಕ್ಕಪೇಟೆ_ಚಾಲಕ

ಚಳಿ ಅಂದಿದ್ದಕ್ಕೆ ಕ್ಷಮಿಸಿ ಸರ್. ಒಂದು ಡೌಟು. ಬಂಕಿಗೆ ಹೋಗುವ ಬದಲು ಬ್ರೇಕಿನ ಏರ್ ಟ್ಯಾಂಕಿನಿಂದಲೇ ಒಂದು ಲೈನ್ ಎಳೆದರೆ ಆಗಲ್ವಾ?

ದೂರದಾರಿ

ಹಳೇ 407ರಲ್ಲಿ ಏರ್ ಬ್ರೇಕ್ ಎಲ್ಲಿದೆ ಗುರುವೇ? ಅದು ಆಯಿಲ್ ಬ್ರೇಕು, ವ್ಯಾಕ್ಯೂಮ್ ಬೂಸ್ಟರ್. ಏರ್ ಬ್ರೇಕ್ ಇರುವ ದೊಡ್ಡ ಗಾಡಿಯಲ್ಲೂ ಸುಮ್ನೆ ಟಿ ಹಾಕಿ ಎಳೆಯಬಾರದು. ಬ್ಯಾಗಿನ ಪೈಪು ಒಡೆದರೆ ಬ್ರೇಕಿನ ಗಾಳಿಯೂ ಅದರ ಹಿಂದೆಯೇ ಹೋಗುತ್ತದೆ. ನಡುವೆ ಬ್ರೇಕಿನ ಗಾಳಿ ಕಾಯುವ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ ಇರಲೇಬೇಕು. ಇವರಿಗೆ ಸಣ್ಣ 12 ವೋಲ್ಟ್ ಕಂಪ್ರೆಸರ್ ಸಾಕು. ಅದು 15-20 ಆಂಪ್ ಎಳೆಯಬಹುದು, ರಿಲೇ ಮತ್ತು ಫ್ಯೂಸ್ ಇಲ್ಲದೆ ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ನೇರ ಕೊಡಬೇಡಿ.

ಮುದಿಗಾಡಿ_407

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಹೊಸ ಪೈಪು, ಎರಡು ಕನೆಕ್ಟರು, ಎರಡು ಶಾಕ್, ಎರಡು ಗೇಜು. ಬ್ಯಾಗ್ ಅವೇ ಹಳೆಯವು. ಬ್ಯಾಟರಿಗಳನ್ನು ಬಲಗಡೆ ಹಾಸಿಗೆ ಕೆಳಗೆ ತಂದೆ. ಈಗ ಎಡ 1,540, ಬಲ 1,410. ನೀರಿನ ಟ್ಯಾಂಕು ಎತ್ತಲು ಧೈರ್ಯ ಬರಲಿಲ್ಲ, ಅದರ ಸುತ್ತಲೇ ಅಡುಗೆ ಕಟ್ಟೆ ಕಟ್ಟಿದ್ದಾರೆ. ಎಡಕ್ಕೆ 45, ಬಲಕ್ಕೆ 35 ಇಟ್ಟರೆ ಗಾಡಿ ಸಮ ನಿಲ್ಲುತ್ತದೆ.

ಮೊನ್ನೆ ಸಕಲೇಶಪುರಕ್ಕೆ ಹೋಗಿ ಬಂದೆವು. ಎರಡು ರಾತ್ರಿ ಕಳೆದು ನೋಡಿದರೆ ಎಡ 43, ಬಲ 34. ತಿರುವಿನಲ್ಲಿ ತೂಗಾಟ ಪೂರ್ತಿ ಹೋಗಿಲ್ಲ, ಆದರೆ ಹಿಂದೆ ಕೂತವರು ಕಂಬಿ ಹಿಡಿದುಕೊಳ್ಳುವುದು ಬಿಟ್ಟಿದ್ದಾರೆ. ದೋಸೆ ದುಂಡಗೆ ಬಂತು.

ಬ್ಯಾಗ್ ನಿಂತ ಮೇಲೆ ಈಗ ಬಲಗಡೆ ಹಿಂದಿನ ಶ್ಯಾಕಲ್‌ನಿಂದ (ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಂಪ್ ದಾಟುವಾಗ ಕಿರ್ ಅನ್ನುವ ಹೊಸ ಸದ್ದು. ಬುಷ್ ಇರಬೇಕು. ವಿಡಿಯೊ ಮಾಡಿಕೊಂಡು ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ, ಗ್ರೀಸ್‌ಕೈ ಅಣ್ಣ ಒಂದು ಕಣ್ಣಿಟ್ಟಿರಿ.