ಬೋರ್ಡೋ ಹೊಡೆದೂ ಹೊಡೆದೂ ಮಣ್ಣಲ್ಲಿ ತಾಮ್ರ ಕೂತಿದೆಯಾ? ಅನುಭವ ಇದ್ದವರು ಹೇಳಿ

ಕೊಪ್ಪದಿಂದ ಪ್ರಶ್ನೆ: ಅಪ್ಪನ ಕಾಲದಿಂದ, 30 ವರ್ಷಕ್ಕೂ ಮೇಲೆ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಸೇರಿಸಿದ ದ್ರಾವಣ) ಹೊಡೀತಾ ಬಂದಿದ್ದೇವೆ. ಅದೇ ತೋಟದಲ್ಲಿ ಈಗ ನೆಟ್ಟ ಕಾಫಿ ಗಿಡ ಏಳ್ತಾನೇ ಇಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಹಾಕಿದ್ದಾಯ್ತು. ತಾಮ್ರ ಜಾಸ್ತಿ ಆಗಿರಬೇಕು ಅಂತ ಒಬ್ಬರು ಅಂದ್ರು. ಏನು ಮಾಡಲಿ?

ಮೂಡಿಗೆರೆಯಿಂದ: ನಮ್ಮಲ್ಲೂ ಹೀಗೇ ಆಗಿತ್ತು ಸರ್. ಮೊದಲು ಲೆಕ್ಕ ಹಾಕಿ. ಶೇ. 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. ಅಂದ್ರೆ 200 ಲೀಟರಿನ ಬ್ಯಾರಲ್‌ಗೆ ಅರ್ಧ ಕೆಜಿ. ಎಕರೆಗೆ ವರ್ಷಕ್ಕೆ ಐದು ಬ್ಯಾರಲ್ ಹೊಡೆದ್ರೂ 30 ವರ್ಷಕ್ಕೆ 75 ಕೆಜಿ! ನಮ್ಮ ಮಳೆಗೆ ತೊಳೆದು ಹೋಗಿರುತ್ತೆ ಅಂದ್ಕೊಂಡಿದ್ದೆ. ಗೊನೆಯಿಂದ ತೊಳೆದದ್ದು ಬುಡಕ್ಕೇ ತಾನೇ ಬರೋದು. ದರಗು (ಒಣಗಿ ಉದುರಿದ ಎಲೆ) ಕೊಳೆತ ಕಪ್ಪು ಮಣ್ಣು ಅದನ್ನ ಹಿಡಿದಿಟ್ಟುಕೊಳ್ಳುತ್ತೆ, ಸುಲಭಕ್ಕೆ ಕೆಳಗೆ ಬಿಡಲ್ಲ. ಕಾಫಿಯ ಎಳೆ ಬೇರು ಹರಡೋದೂ ಅಲ್ಲೇ.

ಒಂದು ಗಿಡ ಕಿತ್ತು ನೋಡಿ. ನಾನು ಕಿತ್ತಾಗ ಬಿಳಿ ಬೇರೇ ಇರಲಿಲ್ಲ, ಇದ್ದದ್ದೆಲ್ಲ ಮೊಂಡು, ಕಂದು. ಗುಂಡಿಯ ಮಣ್ಣು ಕೈಯಲ್ಲಿ ಪುಡಿ ಮಾಡಿದೆ, ಒಂದು ಎರೆಹುಳು ಸಿಗಲಿಲ್ಲ. ಅವತ್ತು ತುಂಬ ಸಂಕಟ ಆಯ್ತು.

ಸಕಲೇಶಪುರದಿಂದ: ಎಲೆ ಪರೀಕ್ಷೆ ಒಂದನ್ನೇ ನಂಬಬೇಡಿ. ಗಿಡ ತಾಮ್ರವನ್ನ ಬಹುಪಾಲು ಬೇರಲ್ಲೇ ತಡೆದುಕೊಳ್ಳುತ್ತೆ, ಎಲೆ ರಿಪೋರ್ಟ್ ಸರಿಯಾಗೇ ಬರಬಹುದು. ನನಗೆ ಹಾಗೇ ಬಂತು, ಒಂದು ವರ್ಷ ಸುಮ್ಮನೆ ಹೋಯ್ತು. ಮಣ್ಣು ಕೊಡುವಾಗ ತಾಮ್ರ ನೋಡಿ ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ಮೈಲುತುತ್ತ ಕರಗಿಸಿದ ಬಕೆಟ್‌ನಲ್ಲಿ ಮಣ್ಣು ತುಂಬಬೇಡಿ. ನಮ್ಮ ಹುಡುಗ ತುಂಬಿದ್ದ, ಪರೀಕ್ಷೆ ಎರಡನೇ ಸಲ ಮಾಡಿಸಬೇಕಾಯ್ತು.

ಶೃಂಗೇರಿಯಿಂದ: ಹೆದರಿ ಬೋರ್ಡೋ ಪೂರ್ತಿ ನಿಲ್ಲಿಸಬೇಡಿ ಅಣ್ಣ. ಒಂದು ಮಳೆಗಾಲ ನಾವು ಬಿಟ್ಟು ನೋಡಿದ್ವಿ, ಮರದ ಬುಡದಲ್ಲಿ ಕೊಳೆತ ಕಾಯಿಯ ಹಾಸಿಗೆ. ಹೊಡೆಯೋದನ್ನ ಹದವಾಗಿ ಹೊಡೀರಿ, ಗೊನೆಗೆ ಬೀಳಲಿ, ನೆಲಕ್ಕಲ್ಲ. ಉದುರಿದ ಕೊಳೆ ಕಾಯಿ ಆರಿಸಿ ತೋಟದಿಂದ ಆಚೆ ಹಾಕಿ. ಮನೆ ಹತ್ತಿರದ ಮರಗಳಿಗೆ ನಮ್ಮಮ್ಮ ಈಗಲೂ ಕೊಟ್ಟೆ (ಗೊನೆಗೆ ಮಳೆ ತಾಗದ ಹಾಗೆ ಹೊದಿಕೆ) ಕಟ್ಟಿಸ್ತಾರೆ. ದ್ರಾವಣ ಕಲಸಿದ ಮೇಲೆ ಉಜ್ಜಿದ ಕತ್ತಿ ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದ್ರೆ ಸುಣ್ಣ ಕಡಿಮೆ ಅಂತ, ಇನ್ನಷ್ಟು ಹಾಕಿ.

ಮತ್ತೆ ಮೂಡಿಗೆರೆಯಿಂದ: ಪರಿಹಾರ ಹೇಳಲು ಮರೆತೆ. ನಮ್ಮ ಮಣ್ಣಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ) 4.8 ಇತ್ತು. ಹುಳಿ ಮಣ್ಣಲ್ಲಿ ತಾಮ್ರ ಬೇರಿಗೆ ಬೇಗ ತಗಲುತ್ತೆ. ರಿಪೋರ್ಟ್ ಹೇಳಿದಷ್ಟು ಸುಣ್ಣ, ಬುಡಕ್ಕೆ ಕೊಟ್ಟಿಗೆ ಗೊಬ್ಬರ. ಮೂರನೇ ವರ್ಷ ಚಿಗುರು ಹಸಿರಾಯ್ತು. ತಾಮ್ರ ಎಲ್ಲೂ ಹೋಗಿಲ್ಲ, ಕಟ್ಟಿಹಾಕಿದ್ದೇವೆ ಅಷ್ಟೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪಿಎಚ್ ನೋಡಿಸ್ತೀನಿ.

ಕೊಪ್ಪದಿಂದ: ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಎರಡು ಗಿಡ ಕಿತ್ತೆ, ಬೇರು ನೀವು ಹೇಳಿದ ಹಾಗೇ ಕಂದು. ಹೊಸ ಬಕೆಟ್ ತಂದಿದ್ದೀನಿ. ಔಷಧಿ ಕಲಸುವ ಬಾವಿಕಟ್ಟೆ ಹತ್ತಿರದ ಮಣ್ಣನ್ನ ಬೇರೆ ಪೊಟ್ಟಣ ಮಾಡಿ ಕೊಡ್ತೀನಿ, ಅಲ್ಲಿ ಹುಲ್ಲೂ ಸರಿಯಾಗಿ ಬರ್ತಿಲ್ಲ.